ಅರವತ್ತೊಂದನೇ ಹಲ್ಲು

ಕೆಳಗಿನ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಹಲ್ಲಿನ ಚಕ್ರಗಳಿಂದ ಹಿಡಿದು ಮುಳ್ಳಿನವರೆಗೂ ಮರದ್ದೇ ಆದ ಗಡಿಯಾರ ಮಾಡಲು ಹೊರಟಾಗಿನಿಂದ ಅವರ ಸಕ್ಕರೆ ಡಬ್ಬಿಯಲ್ಲೂ ಮರದ ಹೊಟ್ಟು ಸಿಗುತ್ತದೆ. ಎರಡೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮೂರನೆಯದನ್ನು ಹುಡುಕುತ್ತಾರೆ. ಬಂದವರು ಕೂರುವ ಮೊದಲೇ ಕುರ್ಚಿಯ ಕಾಲು ತಟ್ಟಿ ನೋಡಿ, "ಒಳ್ಳೇ ತೇಗ, ಎರಡು ಚಕ್ರ ಬರತ್ತೆ" ಎಂದು ಆಸೆಪಡುತ್ತಾರೆ. ಅಂತೂ ಗಡಿಯಾರ ನಡೆಯಿತು, ಆದರೆ ಗಂಟೆಗೊಂದು ನಿಮಿಷ ಹಿಂದೆ. ನಾನು ಎಣಿಸಿ ನೋಡಿದೆ: ಅರವತ್ತು ಹಲ್ಲಿರಬೇಕಾದ ಚಕ್ರದಲ್ಲಿ ಅರವತ್ತೊಂದು! ಮೇಷ್ಟ್ರು ನಕ್ಕುಬಿಟ್ಟರು. "ಎರಡು ವರ್ಷದ ಹಿಂದಿನ ಮಾತು. ಕೈವಾರ ಹಿಡಿದು ಸುತ್ತ ಗುರುತು ಹಾಕ್ತಾ ಇದ್ದೆ. 'ರೀ, ಟೀ ಆರಿಹೋಗತ್ತೆ, ಬನ್ನೀ' ಅಂತ ಇವಳು ಒಳಗಿಂದ ಕೂಗಿದ್ಳು. ಎಣಿಕೆ ತಪ್ಪಿಹೋಯ್ತು." ಹಾಗಾದರೆ ಬೇರೆ ಚಕ್ರ ಕೊರೆಯಬಾರದೇ ಎಂದೆ. ಅಷ್ಟರಲ್ಲಿ, ಹೋದ ವರ್ಷ ಪಾರ್ಶ್ವವಾಯುವಿಗೆ ಮಾತು ಕಳೆದುಕೊಂಡ ಅವರ ಹೆಂಡತಿ ಮೆಲ್ಲಗೆ ಎದ್ದುಬಂದು, ಹಿಂದೆ ಬಿದ್ದಿದ್ದ ಮುಳ್ಳನ್ನು ಎಂದಿನಂತೆ ಬೆರಳ ತುದಿಯಿಂದ ಮುಂದೆ ತಳ್ಳಿ ಹೋದರು. "ಬೇಡಪ್ಪಾ," ಎಂದರು ಮೇಷ್ಟ್ರು, "ಇವಳ ಕೂಗು ಅಂತ ಈ ಮನೇಲಿ ಉಳಿದಿರೋದು ಆ ಒಂದು ಹಲ್ಲಲ್ಲೇ. ಅವತ್ತು ಲೆಕ್ಕ ತಪ್ಪಿದ್ದು ನನ್ನ ಪುಣ್ಯ."