ಅವ್ವನ ಚಿಟ್ಟೆಗಳ ಹಿಂದೆ ಮೈಸೂರಿಗೆ

ಬುಧವಾರ ಬೆಳಿಗ್ಗೆ ಆರೂಕಾಲಿಗೆ ಕುಣಿಗಲ್ ಬಿಟ್ಟೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಮದ್ದೂರಿನಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಎರಡು ಇಡ್ಲಿ ತಿಂದು, ಹತ್ತರ ಹೊತ್ತಿಗೆ ಮೈಸೂರು ಸೇರಿದೆ. ಅರಮನೆ ನೋಡಿಕೊಂಡು ಬಾ ಎಂದವರೇ ಎಲ್ಲ. ನಾನು ಹೊರಟಿದ್ದು ಅವ್ವ ಸಾಕಿದ ರೇಷ್ಮೆಹುಳುಗಳ ಮದುವೆಗೆ.

ನಮ್ಮ ಕಡೆ ಸಾಕುವುದು ಶುದ್ಧ ಮೈಸೂರು ತಳಿ. ಗೂಡು ಸಣ್ಣದು, ನೂಲು ಕಡಿಮೆ, ಆದರೆ ಬಿಸಿಲಿಗೂ ರೋಗಕ್ಕೂ ಜಗ್ಗದ ಗಟ್ಟಿ ಹುಳು. ಇದರ ಹೆಣ್ಣಿಗೆ ದಪ್ಪ ಬಿಳಿ ಗೂಡು ಕಟ್ಟುವ ಇನ್ನೊಂದು ತಳಿಯ ಗಂಡನ್ನು ಕೂಡಿಸಿದರೆ, ಹುಟ್ಟುವ ಮಿಶ್ರತಳಿಗೆ ತಾಯಿಯ ಗಟ್ಟಿತನವೂ ತಂದೆಯ ನೂಲೂ ಬರುತ್ತವೆ. ಹೀಗೆ ಕೂಡಿಸಿ ಮೊಟ್ಟೆ ಇಡಿಸುವ ಜಾಗಕ್ಕೆ ಬಿತ್ತನೆ ಕೋಠಿ ಎನ್ನುತ್ತಾರೆ. ಅವ್ವನ ಗೂಡುಗಳು ಹೋಗುವುದು ಮೈಸೂರಿನ ಕೋಠಿಗೆ. ಹೋದ ಸಲ ಅವ್ವನ ಚಿಟ್ಟೆಗಳಲ್ಲಿ ಗಂಟುರೋಗ ಕಂಡಿತೆಂದು ಕೋಠಿಯವರು ಮೊಟ್ಟೆಗಳನ್ನೆಲ್ಲ ಸುಟ್ಟುಹಾಕಿದ್ದರು. ಆ ರೋಗ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಈ ಸಲವೂ ಕಂಡರೆ ನಿಮ್ಮ ಗೂಡು ಇನ್ನು ಬೇಡ ಎಂದಿದ್ದರು.

ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: "ಅವರ ಬಾಯಲ್ಲಿ ಕೇಳಾದು ಬ್ಯಾಡ. ಓದಿರೋಳು ನೀನು. ನಿನ್ನ ಕಣ್ಣಲ್ಲೇ ನೋಡ್ಕಂಡ್ ಬಾ."

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಭಾನುವಾರಗಳಲ್ಲಿ ಕೂಲಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಬಿ.ಎಸ್ಸಿ. ಮುಗಿಸಿದೆ. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಚಿಟ್ಟೆ ಗೂಡಿನಿಂದ ಹೊರಬರುವುದು ನಸುಕಿನಲ್ಲಿ, ಹಾಗಾಗಿ ಆ ರಾತ್ರಿ ಕುವೆಂಪುನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಗುರುವಾರ ಐದೂವರೆಗೇ ಚಿಕ್ಕಮ್ಮ ಸ್ಕೂಟರ್ ತೆಗೆದಳು. ಕಿವಿ ಕೊರೆಯುವ ಚಳಿ. ಸಿದ್ಧಾರ್ಥನಗರ ದಾಟಿ ಸ್ವಲ್ಪ ಮುಂದೆ ಹೋದರೆ ಹೆಂಚಿನ ಹಳೆಯ ಕಟ್ಟಡ, ಅದೇ ಕೋಠಿ. ಒಳಗೆ ದೀಪ ಹಾಕಿದ್ದರು. ತಟ್ಟೆ ತಟ್ಟೆಯಲ್ಲೂ ಗೂಡು ತೂತು ಮಾಡಿಕೊಂಡು ಚಿಟ್ಟೆಗಳು ಹೊರಬರುತ್ತಿದ್ದವು. ಅವ್ವನ ಹೆಸರು ಬರೆದ ಚೀಟಿ ಹುಡುಕಿ ಆ ತಟ್ಟೆಗಳ ಮುಂದೆ ನಿಂತೆ.

ಕೆಲಸದ ಮೇಸ್ತ್ರಿ ಸಾಕಮ್ಮ ಅರವತ್ತು ದಾಟಿದವರು. ಗಂಡು ಹೆಣ್ಣಿನ ಗುರುತು ಹೇಳಿಕೊಟ್ಟರು. ಹೊಟ್ಟೆ ದಪ್ಪಗಿದ್ದು ಸುಮ್ಮನೆ ಕೂತದ್ದು ಹೆಣ್ಣು, ರೆಕ್ಕೆ ಪಟಪಟ ಬಡಿಯುವುದು ಗಂಡು. ಹೆಣ್ಣನ್ನು ಇಟ್ಟುಕೊಂಡು ಗಂಡನ್ನು ಬೇಗ ತೆಗೆದುಬಿಡಬೇಕು, ತಡವಾದರೆ ಒಂದೇ ತಳಿಯವು ಕೂಡಿಬಿಡುತ್ತವೆ ಎಂದರು. ನಾನೂ ಕೈಹಾಕಿದೆ. ಇಷ್ಟು ಗೊತ್ತಾಗದೆ ಬಿ.ಎಸ್ಸಿ. ಮಾಡಿದ್ದೇನೆಯೇ? ಹತ್ತು ನಿಮಿಷ ಕಳೆದಿರಲಿಲ್ಲ, ಸಾಕಮ್ಮ ನನ್ನ ತಟ್ಟೆಯಿಂದ ದಪ್ಪ ಹೊಟ್ಟೆಯದೊಂದನ್ನು ಎತ್ತಿ ಹಿಡಿದರು.

"ಇದು ಗಂಡು ಕಣಮ್ಮ. ಈಗ ತಾನೇ ಹೊರಗೆ ಬಂದೈತೆ, ಇನ್ನೂ ಉಚ್ಚೆ ಹುಯ್ದಿಲ್ಲ. ಅದಕ್ಕೇ ಬಸುರಿ ಅಂಗೆ ಕಾಣ್ತದೆ."

ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಪುಸ್ತಕದಲ್ಲಿ ಇದನ್ನು ಓದಿದ ನೆನಪಿಲ್ಲ.

ಏಳೂವರೆ ಹೊತ್ತಿಗೆ ಇನ್ನೊಂದು ಕೋಣೆಯಿಂದ ಬಿಳಿ ಗೂಡಿನ ಗಂಡುಗಳನ್ನು ತಂದು ಅವ್ವನ ಹೆಣ್ಣುಗಳ ಮೇಲೆ ಬಿಟ್ಟರು. ಕೋಣೆಯಿಡೀ ಮಳೆ ಹನಿದಂತೆ ರೆಕ್ಕೆಯ ಸದ್ದು; ಸ್ವಲ್ಪ ಹೊತ್ತಿಗೆ ಜೋಡಿ ಕೂಡಿ ಎಲ್ಲ ಸ್ತಬ್ಧ. ಮೂರೂವರೆ ಗಂಟೆ ಬಿಟ್ಟು ಬಿಡಿಸಿದರು. ಹೆಣ್ಣುಗಳು ಮೊಟ್ಟೆ ಇಡಲು ಕಾಗದದ ಮೇಲೆ, ಗಂಡುಗಳು ಫ್ರಿಜ್ಜಿಗೆ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ. "ನಾಳೆ ಇನ್ನೊಂದು ಡ್ಯೂಟಿ ಐತಲ್ಲ, ರೆಸ್ಟ್ ಬ್ಯಾಡ್ವಾ?" ಎಂದರು ಸಾಕಮ್ಮ. ಮಿಶ್ರತಳಿಯ ಮೊಟ್ಟೆಯಿಂದಲೇ ಮತ್ತೆ ತಳಿ ಮುಂದುವರಿಸಿದರೆ ಗುಣ ಚದುರಿಹೋಗುತ್ತದೆ; ಪ್ರತಿ ಸಲವೂ ಹೊಸದಾಗಿ ಕೂಡಿಸಬೇಕು. ಹಾಗಾಗಿ ಶುದ್ಧ ತಳಿಯನ್ನು ಕಾಯುವ ಅವ್ವನಂಥವರು ಬೇಕೇ ಬೇಕು.

ಶುಕ್ರವಾರ ಪರೀಕ್ಷೆ. ಮೊಟ್ಟೆ ಇಟ್ಟ ತಾಯಿಚಿಟ್ಟೆಗಳನ್ನು ಸಣ್ಣ ಒರಳಿನಲ್ಲಿ ಅರೆದು, ಅದರ ಒಂದೊಂದು ಹನಿ ಗಾಜಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋಡುವ ನೌಕರ ಮಾತು ಕಡಿಮೆಯ ಮನುಷ್ಯ. ನಾನೂ ನೋಡುತ್ತೇನೆ ಎಂದೆ. ನಿಮಗೆ ತಿಳಿಯುತ್ತಾ ಎಂದರು. ಡಿಗ್ರಿಯ ಮಾತೆತ್ತದೆ ಕೂತು ಫೋಕಸ್ ತಿರುಗಿಸಿದೆ. ಮೊದಲ ಗಾಜಿನಲ್ಲೇ ಹೊಳೆಯುವ ಚುಕ್ಕೆಗಳು. ಗಂಟುರೋಗವೇ ಅಂದುಕೊಂಡೆ. ಆಮೇಲೆ ಸರಿಯಾಗಿ ನೋಡಿದೆ: ಒಂದು ದೊಡ್ಡದು, ಒಂದು ಸಣ್ಣದು, ಎಲ್ಲವೂ ದುಂಡಗಿವೆ. ಗಂಟು, ಅಂದರೆ ಆ ರೋಗದ ಕಣ, ಆಗಿದ್ದರೆ ಮೊಟ್ಟೆಯಾಕಾರ, ಎಲ್ಲ ಒಂದೇ ಅಳತೆ.

"ಇದು ಕೊಬ್ಬು ಅಲ್ವಾ ಸರ್?" ಎಂದೆ.

ಅವರು ಇಣುಕಿ ನೋಡಿ ಹೌದೆಂದು ತಲೆಯಾಡಿಸಿದರು. ಆಮೇಲೆ ಪ್ರತಿ ಗಾಜನ್ನೂ ತಾವು ನೋಡಿ ನನ್ನ ಕಡೆ ಸರಿಸಿದರು. ಮಧ್ಯಾಹ್ನ ಒಂದೂವರೆಗೆ ಕೊನೆಯ ಗಾಜು ಮುಗಿಯಿತು. ಅವ್ವನ ಚೀಟಿಯ ಮೇಲೆ ಅವರು ರೋಗವಿಲ್ಲ ಎಂಬ ಹಸಿರು ಮುದ್ರೆ ಒತ್ತಿದರು. ಬಾಗಿಲಲ್ಲಿ ನಿಂತಿದ್ದ ಸಾಕಮ್ಮ ನನ್ನ ಮುಖ ನೋಡಿಯೇ ಒಳಗೆ ಹೋದರು.

ಬಸ್ ಸ್ಟ್ಯಾಂಡಿನಿಂದ ಅವ್ವನಿಗೆ ಫೋನು ಮಾಡಿದೆ. ಕೋಠಿಯವರು ಏನಂದರೆಂದು ಅವಳು ಕೇಳಲೇ ಇಲ್ಲ.

"ನೀನು ನೋಡ್ದ್ಯಾ?"

"ನಾನೇ ನೋಡ್ದೆ ಕಣವ್ವ. ಒಂದು ಗಂಟೂ ಇಲ್ಲ."

ಅವ್ವ ಫೋನು ಕತ್ತರಿಸಲಿಲ್ಲ. ಹಾಗೇ ಎಲ್ಲೋ ಇಟ್ಟಿರಬೇಕು. ಬಸ್ಸು ಹೊರಟಿತು. ಕಿವಿಗೆ ಹಿಡಿದುಕೊಂಡೇ ಇದ್ದೆ. ಮುಂದಿನ ಸಾಕಣೆಗೆಂದು ಬಿದಿರಿನ ತಟ್ಟೆಗಳನ್ನು ಅಟ್ಟದಿಂದ ಒಂದೊಂದಾಗಿ ಇಳಿಸುವ ಸದ್ದು ಶ್ರೀರಂಗಪಟ್ಟಣ ಬರುವವರೆಗೂ ಕೇಳಿಸಿತು.