ಯಾವ ಫ್ಲಾಟಿಗೆ?

ನಮ್ಮ ಊರಿನವರು ಸತ್ತರೂ ಒಳಗೆ ಹೋಗಲು ಒಪ್ಪಿಗೆ ಬೇಕು. ಸಿಟ್ಟಿಗೆ ಆಡಿದ ಮಾತು ಅಂದುಕೊಳ್ಳಬೇಡಿ, ನಡೆದದ್ದನ್ನೇ ಹೇಳುತ್ತಿದ್ದೇನೆ. ಸಿಟ್ಟೂ ಇದೆ, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಚಂದಾಪುರದಿಂದ ಆನೇಕಲ್ ಕಡೆಗೆ ಹೋದರೆ ಸ್ವಲ್ಪ ಒಳಗೆ ನಮ್ಮ ಊರು. ಊರಿಂದ ಕೆರೆಯ ಹಿಂದಿನ ಸ್ಮಶಾನಕ್ಕೆ ಒಂದು ಬಂಡಿದಾರಿ. ಸರ್ವೆ ನಕಾಶೆಯಲ್ಲಿ ಇವತ್ತಿಗೂ ಅದು ಇದೆ. ಅದರ ಎರಡೂ ಬದಿಗೆ ಅಪಾರ್ಟ್‌ಮೆಂಟು ಕಟ್ಟಿದವರು ದಾರಿಯನ್ನೂ ಸೇರಿಸಿ ಕಾಂಪೌಂಡು ಹಾಕಿಕೊಂಡರು, ಗೇಟು ನಿಲ್ಲಿಸಿದರು. ಸುತ್ತಿ ಹೋಗೋಣವೆಂದರೆ ಒಂದು ಕಡೆ ಕೆರೆ, ಇನ್ನೊಂದು ಕಡೆ ಕಾರ್ಖಾನೆಯ ಗೋಡೆ. ಮೊದಮೊದಲು ಗಾರ್ಡುಗಳು ಮುಖ ನೋಡಿ ಬಿಡುತ್ತಿದ್ದರು. ಆಮೇಲೆ ಮೊಬೈಲಿನ ಆ್ಯಪ್ ಬಂತು. ಒಳಗಿನ ಯಾವುದಾದರೂ ಮನೆಯವರು ಒಪ್ಪಿದರೆ ಮಾತ್ರ ಅಡ್ಡಗಂಬ ಮೇಲೇಳುತ್ತದೆ. ನಾವು ನೋಡಲು ಹೋಗುವವರು ಮಣ್ಣಿನಡಿ ಮಲಗಿದ್ದಾರೆ, ಅವರು ಹೇಗೆ ಒಪ್ಪಿಗೆ ಕೊಡಬೇಕು?

ನನ್ನ ಅಮ್ಮ ಅದೇ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಮನೆಗೆಲಸದವರಿಗೆ ಒಂದು ನಂಬರು ಕೊಟ್ಟಿರುತ್ತಾರೆ. ಗೇಟಿನಲ್ಲಿ ಅದನ್ನು ಒತ್ತಿದರೆ ಕಂಬ ಏಳುತ್ತದೆ, ಮನೆಯವರ ಫೋನಿಗೆ ಸುದ್ದಿ ಹೋಗುತ್ತದೆ. ಓದು ಬಾರದ ಅಮ್ಮನಿಗೆ ಆ ನಂಬರು ಕಲಿಸಿದವಳು ನಾನೇ. ಎಲೆಕ್ಟ್ರಾನಿಕ್ ಸಿಟಿಗೆ ಶಿಫ್ಟಿಗೆ ಹೊರಡುವ ಮೊದಲು ಒಲೆಯ ಮುಂದೆ ಕೂತು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೆ. ದೇಶದ ಉದ್ದಗಲಕ್ಕೂ ಓಡಾಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂದು ಹೈಸ್ಕೂಲಿನಲ್ಲಿ ನನಗೂ ಹೀಗೇ ಬಾಯಿಪಾಠ ಮಾಡಿಸಿದ್ದರು. ಅಮ್ಮ ಮಾತ್ರ ತನ್ನೂರಿನ ದಾರಿಯಲ್ಲೇ ನಂಬರು ಒತ್ತಿ ಹೋಗಿ, ಬರುವಾಗ ಚೀಲ ಬಿಚ್ಚಿ ತೋರಿಸಿ ಬರುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಅವಳಿಗೆ ಅದು ಅಭ್ಯಾಸವಾಗಿತ್ತು.

ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು ಎಂದು ಚಟ್ಟ ಎತ್ತಿದರು. ಎತ್ತಿದ ಮೇಲೆ ಸ್ಮಶಾನದ ಹತ್ತಿರದ ಕಲ್ಲಿನ ಬಳಿ ಬಿಟ್ಟು ಬೇರೆಲ್ಲೂ ಇಳಿಸುವಂತಿಲ್ಲ, ಅದು ನಮ್ಮಲ್ಲಿನ ಪದ್ಧತಿ. ಗೇಟಿನ ಮುಂದೆ ತಮಟೆ ನಿಂತಿತು. ಗಾರ್ಡ್ ವಿಜಯಪುರದ ಕಡೆಯ ಹುಡುಗ, ಚಂದಾಪುರದಲ್ಲಿ ಬಾಡಿಗೆ ಕೋಣೆಯಲ್ಲಿರುವವನು. ಹೆದರಿ ಬೆವರುತ್ತಿದ್ದ.

"ಯಾವ ಫ್ಲಾಟಿಗಂತ ಹಾಕಬೇಕ್ರಿ. ಇಲ್ಲಂದ್ರ ಕಂಬ ಏಳಂಗಿಲ್ಲ."

"ಎಣಕ್ಕೆ ಯಾವ ಫ್ಲಾಟಪ್ಪಾ?" ನನ್ನ ಸೋದರಮಾವ ಕೇಳಿದ. "ಸ್ಮಶಾನಕ್ಕೆ ಓಗ್ತಾ ಇದೀವಿ, ಕಾಣಾಕಿಲ್ವಾ?"

"ಕಾಣ್ತೈತ್ರಿ. ನಾ ಬಿಟ್ರ ನನ್ನ ಕೆಲಸ ಹೊಕ್ಕೈತ್ರಿ ಯಜಮಾನ್ರ."

ಅವನು ಅಪಾರ್ಟ್‌ಮೆಂಟಿನ ಆಫೀಸಿಗೆ ಫೋನು ಮಾಡಿದ. ಕಮಿಟಿಯವರನ್ನು ಕೇಳಿ ಹೇಳುತ್ತೇವೆ, ಅಲ್ಲಿಯವರೆಗೆ ತಮಟೆ ಬಡಿಯಬೇಡಿ, ಮಕ್ಕಳು ಆಡುತ್ತಿದ್ದಾರೆ ಎಂದರಂತೆ. ನಮ್ಮವರು ಹೆಗಲು ಬದಲಿಸುತ್ತಾ ನಿಂತರು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಹಿಂದೆ ನಿಂತ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು. ಕಮಿಟಿಯವರ ಸುದ್ದಿಯೇ ಇಲ್ಲ.

ನಾನು ಮುಂದೆ ಹೋಗಿ ಅಮ್ಮನ ನಂಬರು ಒತ್ತಿದೆ. ಕಂಬ ಎದ್ದಿತು.

ಒಳಗೆ ಹತ್ತು ಹೆಜ್ಜೆ ನಡೆದಿರಲಿಲ್ಲ, ನನ್ನ ಕೈಯಲ್ಲಿದ್ದ ಅಮ್ಮನ ಫೋನು ಬಡಿದುಕೊಂಡಿತು. ಅವಳು ಕೆಲಸ ಮಾಡುತ್ತಿದ್ದ ಮನೆಯ ಮೇಡಂ. "ಬಂದ್ಬಿಟ್ರಾ? ಈಗ ಮೆಸೇಜ್ ಬಂತು. ಹುಷಾರಾದ್ರಲ್ಲ, ಸದ್ಯ. ಮೊದ್ಲು ಪಾತ್ರೆ ತೊಳ್ದುಬಿಡಿ, ಸಿಂಕ್ ತುಂಬಿ ಹೋಗಿದೆ."

"ಅಮ್ಮ ತೀರ್ಕೊಂಡ್ರು ಮೇಡಂ," ಎಂದೆ. "ನಿಮ್ಮನೆ ಕೆಳಗೇ ಹೋಗ್ತಿದ್ದಾರೆ. ಬಾಲ್ಕನಿಗೆ ಬಂದು ನೋಡಿ."

ಅವರು ಅಯ್ಯೋ ಅಂದರು. ಬಾಲ್ಕನಿಗೆ ಬಂದರೋ ಇಲ್ಲವೋ ನಾನು ತಲೆ ಎತ್ತಿ ನೋಡಲಿಲ್ಲ. ಜೀವಮಾನವಿಡೀ ನಡೆದ ದಾರಿಯಲ್ಲಿ ನನ್ನ ತಾಯಿ ಹೆಣವಾಗಿಯೂ ಕೆಲಸದವಳಾಗಿಯೇ ಒಳಗೆ ಹೋದಳು. ಒಳಗೆ ಬಿಡಿಸಿದವಳು ನಾನು.

ಮೂರನೇ ದಿನ ಬೆಳಿಗ್ಗೆ ಅಮ್ಮನನ್ನು ಹೂತ ಗುದ್ದದ ಮೇಲೆ ಹಾಲುತುಪ್ಪ ಬಿಡಲು ಹೊರಟೆವು. ಗೇಟಿನಲ್ಲಿ ಮತ್ತೆ ಅದೇ ನಂಬರು ಒತ್ತಿದೆ. ಕಂಬ ಅಲ್ಲಾಡಲಿಲ್ಲ.

"ಆ ಮನಿಯವ್ರು ಹೆಸರು ತಗದಾರ್ರಿ ಅಕ್ಕಾರ," ಗಾರ್ಡ್ ನೆಲ ನೋಡುತ್ತಾ ಹೇಳಿದ. "ಕೆಲಸಕ್ಕ ಬ್ಯಾರೇದಾಕಿ ಬಂದಾಳ."

ಬೇಡಿಕೊಳ್ಳುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಹಾಲಿನ ಚೊಂಬನ್ನು ಕಂಬದ ಕೆಳಗಿಟ್ಟು ದಾರಿಯ ನಡುವೆ ಕೂತೆ. ಮಾವ ಪಕ್ಕದಲ್ಲಿ ಕೂತ. ಅವನ ಹಿಂದೆ ಊರಿನ ಹೆಂಗಸರೆಲ್ಲ ಸೆರಗು ಸುತ್ತಿಕೊಂಡು ಕೂತರು. ಆಫೀಸಿನ ಹೊತ್ತು. ಒಳಗಿಂದ ಬಂದ ಕಾರುಗಳು ಒಂದರ ಹಿಂದೊಂದು ನಿಂತವು. ಮುಂದಿನ ಕಾರಿನವರು ಇಳಿದು ಬಂದರು.

"ಮೇಡಂ, ಸ್ವಲ್ಪ ಏಳ್ತೀರಾ? ನಾವು ಹೊರಗಡೆ ಹೋಗ್ಬೇಕು."

"ಯಾರ ಒಪ್ಪಿಗೆ ಇದೆ ಸಾರ್?" ಎಂದೆ.

ಬಹುಶಃ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕಾರಿಗೆ ವಾಪಸು ಹೋಗಿ ಯಾರ್‍ಯಾರಿಗೋ ಫೋನು ಮಾಡತೊಡಗಿದರು. ನಾವು ಏಳಲಿಲ್ಲ.

ಕಮಿಟಿಯವರು ಒಪ್ಪಿ ಕಂಬ ಏಳುವ ಹೊತ್ತಿಗೆ ಬಿಸಿಲಿಗೆ ಹಾಲು ಒಡೆದಿತ್ತು. ಅದನ್ನೇ ಅಮ್ಮನಿಗೆ ಬಿಟ್ಟು ಬಂದೆ.