ಸ್ಕ್ವಾಡ್ರನ್ ಚರಿತ್ರೆಗೆ ಸೋಸಲೆಯ ಒಂದು ಪುಟ

ನೌಕಾಪಡೆಯಲ್ಲಿ ಗುಮಾಸ್ತನ ಹುದ್ದೆಗೆ ರೈಟರ್ ಎನ್ನುತ್ತಾರೆ. ಹಡಗಿನ ಮೇಲಿಂದ ಹಾರುವ ಯುದ್ಧವಿಮಾನಗಳ ಒಂದು ಸ್ಕ್ವಾಡ್ರನ್‌ನಲ್ಲಿ ನಾನು ಬಹಳ ವರ್ಷ ರೈಟರ್ ಆಗಿದ್ದೆ. ಯಾರು ಎಷ್ಟು ಹೊತ್ತು ಹಾರಿದರು, ಯಾವ ವಿಮಾನ ರಿಪೇರಿಗೆ ಹೋಯಿತು, ಎಲ್ಲ ನನ್ನ ಕೈಯಲ್ಲೇ ಟೈಪಾಗುತ್ತಿತ್ತು. ಆ ಸ್ಕ್ವಾಡ್ರನ್ ಈಗಿಲ್ಲ. ವಿಮಾನಗಳು ಹಳತಾದವು, ಬಿಡಿಭಾಗ ಸಿಗದಾಯಿತು, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿ ಹಾರಿಸಿದರು. ಕೊನೆಗೊಂದು ದಿನ ಗೋವಾಕ್ಕೆ ನಮ್ಮನ್ನೆಲ್ಲ ಕರೆಸಿ, ಕಡೆಯ ಸಲ ಇಳಿದ ವಿಮಾನದ ಮೇಲೆ ಗೌರವಕ್ಕೆಂದು ಎರಡೂ ಬದಿಯಿಂದ ನೀರು ಚಿಮ್ಮಿಸಿ, ವಿಸರ್ಜನೆಯ ಆದೇಶ ಓದಿದರು. ನಾನು ನಂಜನಗೂಡಿನಿಂದ ಹೋಗಿದ್ದೆ. ಅಲ್ಲೇ ವಿಮಾನಗಳನ್ನು ಸಜ್ಜು ಮಾಡುತ್ತಿದ್ದ ಸೋಸಲೆಯ ನನ್ನ ಗೆಳೆಯ ಬಂದಿರಲಿಲ್ಲ.

ಕಳೆದ ವರ್ಷ ನಮ್ಮ ಹಳೆಯ ಕಮಾಂಡರ್ ಫೋನ್ ಮಾಡಿದರು. ಸ್ಕ್ವಾಡ್ರನ್ನಿನ ಚರಿತ್ರೆ ಪುಸ್ತಕವಾಗಬೇಕು, ದಾಖಲೆ ಬರೆದವನು ನೀನೇ, ಮೊದಲ ಕರಡು ನೀನೇ ಮಾಡು ಎಂದರು. ಒಪ್ಪಿಕೊಂಡೆ. ಮೊದಲ ವಿಮಾನ ಬಂದದ್ದು, ಹಡಗಿನ ಗಿಡ್ಡ ಡೆಕ್ಕಿನಿಂದ ಹಾರಲು ಕಲಿತದ್ದು, ಹಡಗೇ ನಮಗಿಂತ ಮೊದಲು ನಿವೃತ್ತಿಯಾದದ್ದು, ಎಲ್ಲ ಸಲೀಸಾಗಿ ಬಂತು. ಆ ಒಂದು ಬೆಳಗ್ಗೆಯ ವಿಷಯಕ್ಕೆ ಬಂದಾಗ ಎರಡು ಸಾಲಿಗೇ ಕೈ ನಿಂತಿತು.

ಅಂದು ಮೂರು ವಿಮಾನಗಳು ಅಭ್ಯಾಸಕ್ಕೆ ಹಾರಿ ಎರಡು ಮಾತ್ರ ಹಿಂತಿರುಗಿದ್ದವು. ಮೂರನೆಯದರಲ್ಲಿದ್ದ ಲೆಫ್ಟಿನೆಂಟ್ ಮದುವೆಯಾಗದ, ನಗುಮುಖದ ಹುಡುಗ. ಸಮುದ್ರದಲ್ಲಿ ದಿನಗಟ್ಟಲೆ ಹುಡುಕಿದರೂ ಸಿಗಲಿಲ್ಲ. ಅವರನ್ನು ಸೀಟಿಗೆ ಬಿಗಿದು ಕಳಿಸಿದವನು ನನ್ನ ಗೆಳೆಯ. ಆಪತ್ತಿನಲ್ಲಿ ಪೈಲಟ್ಟನ್ನು ಸೀಟಿನ ಸಮೇತ ಹೊರಕ್ಕೆ ಎಸೆಯುವ ಏರ್ಪಾಡಿರುತ್ತದೆ. ಅದು ನೆಲದ ಮೇಲಿರುವಾಗ ಸಿಡಿಯದಂತೆ ತಡೆಯುವ ಸೇಫ್ಟಿ ಪಿನ್ನುಗಳನ್ನು ಹಾರುವ ಮುನ್ನ ತೆಗೆದು, ಪೈಲಟ್ಟಿಗೆ ತೋರಿಸಿ ಕೆಳಗಿಳಿಯುವುದು ಅವನ ಕೆಲಸ. ವಿಚಾರಣೆಯಲ್ಲಿ ಎರಡು ದಿನ ಅವನನ್ನು ಪಿನ್ನುಗಳ ಬಗ್ಗೆಯೇ ಕೇಳಿದರು. ಅವನ ಹೇಳಿಕೆ ಟೈಪು ಮಾಡಿದವನು ನಾನು. ಕೊನೆಗೆ ಇಂಜಿನ್ ಕೆಟ್ಟದ್ದೇ ಕಾರಣ, ಅವನದೇನೂ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಆದರೆ ಅಲ್ಲಿಂದ ಅವನು ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಅವಧಿ ಮುಗಿದ ಕೂಡಲೇ ಊರಿಗೆ ಬಂದು ಭತ್ತದ ಗದ್ದೆಗೆ ಇಳಿದ. ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಕನ್ನಡ ಆಡುತ್ತಿದ್ದವರು ನಾವಿಬ್ಬರೇ. ಆದರೂ ಊರಿಗೆ ಬಂದಮೇಲೆ ನಾನು ಅವನನ್ನು ನೋಡಲು ಹೋಗಿರಲಿಲ್ಲ. ಎರಡು ಬಸ್ಸಿನ ದಾರಿ ಅಷ್ಟೆ. ಆ ಹೇಳಿಕೆಯ ಕಾಗದ ನಮ್ಮಿಬ್ಬರ ನಡುವೆ ಇತ್ತು.

ಈಗ ಆ ಪುಟಕ್ಕಾಗಿ ಹೋಗಲೇಬೇಕಾಯಿತು. ನರಸೀಪುರದಲ್ಲಿ ಬಸ್ಸು ಬದಲಾಯಿಸಿ ಸೋಸಲೆಯಲ್ಲಿ ಇಳಿದಾಗ ಬೆಳಗಿನ ಹತ್ತು ಗಂಟೆ. ಅವನು ಗದ್ದೆಯಿಂದ ಕೆಸರುಗಾಲಲ್ಲೇ ಬಂದ. ತಲೆ ಪೂರ್ತಿ ನರೆತಿತ್ತು. ಬಂದ ಕಾರಣ ಕೇಳಲಿಲ್ಲ. ಜಗುಲಿಯಲ್ಲಿ ಕೂರಿಸಿದ, ಅವನ ಹೆಂಡತಿ ಕಾಫಿ ತಂದಿಟ್ಟರು. ನಾನೇ ಪುಸ್ತಕದ ಸುದ್ದಿ ತೆಗೆದೆ.

ಆ ದಿನದ್ದು ಏನು ಬರೆದಿದ್ದೀಯ, ಓದು ಎಂದ. ಓದಿದೆ. ಒಂದು ವಿಮಾನ ಸಮುದ್ರದ ಮೇಲೆ ನಷ್ಟವಾಯಿತು, ಪೈಲಟ್ ಪತ್ತೆಯಾಗಲಿಲ್ಲ. ಎರಡೇ ಸಾಲು.

"ಪಿನ್ನಿನ ಇಸ್ಯ ಎಲ್ರೂ ಕೇಳುದ್ರು ಕಣ್ಲಾ," ಎಂದ. "ಆ ಮನ್ಸನ ಇಸ್ಯ ಒಬ್ರೂ ಕೇಳ್ನಿಲ್ಲ. ನೀನೂವೆ."

ಈಗ ಕೇಳ್ತಿದ್ದೀನಿ, ಹೇಳು ಎಂದೆ.

ಅವನು ಹೇಳಿದ್ದು ಇಷ್ಟು. ಲೆಫ್ಟಿನೆಂಟರಿಗೆ ಅವನ ಕನ್ನಡ ಕೇಳಿ ಕೇಳಿ ಒಂದೆರಡು ಮಾತು ಬಂದಿತ್ತು. ನಮ್ಮ ಕಡೆ ಹೋಗ್ತೀನಿ ಅನ್ನಬಾರದು, ಬತ್ತೀನಿ ಅನ್ನಬೇಕು ಎಂದು ಇವನು ಕಲಿಸಿದ್ದ. ಅವರು ದಿನಾ ಸೀಟಿನಲ್ಲಿ ಕೂತು ಬತ್ತೀನಿ ಎನ್ನುತ್ತಿದ್ದರು, ಇವನು ಬನ್ನಿ ಸಾ ಎನ್ನುತ್ತಿದ್ದ. ಅಂದು ಪಕ್ಕದ ವಿಮಾನದ ಇಂಜಿನ್ ಅದಾಗಲೇ ಶುರುವಾಗಿತ್ತು. ಅವರ ತುಟಿ ಆಡಿದ್ದು ಕಂಡಿತು. ಇವನು ಪಿನ್ನು ಎಣಿಸುತ್ತಾ ಏಣಿ ಇಳಿದುಬಿಟ್ಟಿದ್ದ.

"ನಾನು ಬನ್ನಿ ಅನ್ನನೇ ಇಲ್ಲ," ಎಂದ.

ಅಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ನಾನು ಹೇಳಬಹುದಿತ್ತು. ಅದು ಅವನಿಗೂ ಗೊತ್ತಿತ್ತು. ಅವನ ಒದ್ದೆ ಕಣ್ಣು ನೋಡಲಾಗದೆ ಅಲ್ಲೇ ಕೂತು ಅವನ ಮಾತುಗಳನ್ನು ಬರೆದುಕೊಂಡೆ. ಮುಗಿದ ಮೇಲೆ ಓದಿ ತೋರಿಸಿದೆ. ಒಂದೇ ಒಂದು ಕಡೆ ತಿದ್ದಿಸಿದ: ಅವರು ನೀರಿಗೆ ಹೆದರುತ್ತಿರಲಿಲ್ಲ, ಒಳ್ಳೆ ಈಜುಗಾರ, ಅದನ್ನೂ ಸೇರಿಸು ಎಂದ.

ಆ ಪುಟ ಕಳಿಸಿ ತಿಂಗಳಾದ ಮೇಲೆ ಕಮಾಂಡರ್ ಮತ್ತೆ ಫೋನ್ ಮಾಡಿದರು. ಅವರು ಪುಟವನ್ನು ಲೆಫ್ಟಿನೆಂಟರ ಅಕ್ಕನಿಗೆ ಓದಿ ಹೇಳಿದ್ದರು. ಆಕೆ ನನ್ನ ಗೆಳೆಯನೊಡನೆ ಮಾತಾಡಬೇಕಂತೆ. ಅವನು ಮೊದಲು ಆಗದು ಎಂದ. ನಾನು ಒತ್ತಾಯಿಸಲಿಲ್ಲ. ವಾರ ಕಳೆದ ಮೇಲೆ ಅವನೇ ನನ್ನನ್ನು ಕರೆಸಿಕೊಂಡು, ಪಕ್ಕ ಕೂರಿಸಿಕೊಂಡು ಫೋನ್ ಹಚ್ಚಿದ. ಎಷ್ಟೋ ವರ್ಷ ಆಡದ ಹಿಂದಿ ತಡವರಿಸುತ್ತಿತ್ತು. ನನ್ನ ತಮ್ಮ ಅವತ್ತು ಹೇಗಿದ್ದ ಎಂದು ಆಕೆ ಕೇಳಿದ್ದು ನನಗೂ ಕೇಳಿಸಿತು. ನಗುತ್ತಿದ್ದರು ಎಂದ. ಬೆಳಗ್ಗೆ ಏನು ತಿಂದಿದ್ದ ಎಂದೂ ಕೇಳಿದರು. ಎರಡು ಮೊಟ್ಟೆ, ನನ್ನ ತಟ್ಟೆಯ ಉಪ್ಪಿನಕಾಯಿ ಎಂದ. ಆಚೆಯಿಂದ ಅಳು, ಅದರೊಳಗೇ ಸಣ್ಣ ನಗು. ಮನೆಯಲ್ಲಿ ಅವನ ಕೈಗೆ ಸಿಗದಂತೆ ಉಪ್ಪಿನಕಾಯಿ ಬಚ್ಚಿಡಬೇಕಿತ್ತು ಎಂದರು.

ಮುಂದಿನ ಸೋಮವಾರ ನನ್ನ ಗೆಳೆಯ, ಅವನ ಹೆಂಡತಿ ನಂಜುಂಡೇಶ್ವರನ ದರ್ಶನಕ್ಕೆ ಬಂದವರು ನಮ್ಮ ಮನೆಯಲ್ಲೇ ಊಟ ಮಾಡಿದರು. ಊಟವಾದ ಮೇಲೆ ಅವನು ನನ್ನ ಕರಡನ್ನು ಮೊದಲ ಪುಟದಿಂದ ಓದತೊಡಗಿದ. ಮೊದಲ ವಿಮಾನ ಬಂದ ದಿನ ಮಳೆ ಇತ್ತು, ನೀನು ಅದನ್ನು ಬರೆದಿಲ್ಲ ಎಂದು ಪೆನ್ನು ಕೇಳಿದ.